ಕೈಕಾಲಿನ ಭಿನ್ನತೆಯೊಡನೆ ಜನಿಸಿದ ಮಕ್ಕಳು: ತ್ವರೆ ಎಲ್ಲಿ ಬೇಕು, ತಾಳ್ಮೆ ಎಲ್ಲಿ ಬೇಕು?

ಹೆರಿಗೆಯ ಕೋಣೆಯಿಂದ ಹೊರಬಂದ ಕೂಸನ್ನು ಕಂಡೊಡನೆ ಮನೆಯ ಹಿರಿಯರು ಮೊದಲು ನೋಡುವುದು ಅದರ ಕೈಬೆರಳು, ಕಾಲ್ಬೆರಳುಗಳನ್ನು. ಎಲ್ಲವೂ ನೆಟ್ಟಗಿದ್ದರೆ ನೆಮ್ಮದಿಯ ಉಸಿರು. ಕೆಲವು ಮನೆಗಳಲ್ಲಿ ಮಾತ್ರ ಆ ಹೊತ್ತಿಗೆ ಮೌನ ಆವರಿಸುತ್ತದೆ. ಪಾದವೊಂದು ಒಳಮುಖವಾಗಿ ತಿರುಚಿಕೊಂಡಿರಬಹುದು, ಎರಡು ಬೆರಳುಗಳು ಕೂಡಿಕೊಂಡಿರಬಹುದು, ಹೆಬ್ಬೆರಳು ಇಲ್ಲದಿರಬಹುದು, ಮೊಣಕೈಯಿಂದ ಸ್ವಲ್ಪ ಕೆಳಗೇ ಕೈ ನಿಂತುಹೋಗಿರಬಹುದು, ಒಂದು ಕಾಲು ಮತ್ತೊಂದಕ್ಕಿಂತ ಗಿಡ್ಡವಾಗಿರಬಹುದು.

ಆ ಗಾಬರಿಯಲ್ಲಿ ಕುಟುಂಬಗಳು ಎರಡು ಬಗೆಯಲ್ಲಿ ಎಡವುತ್ತವೆ. ಕೆಲವರು ಈಗಿಂದೀಗಲೇ ಎಲ್ಲವೂ ಸರಿಯಾಗಬೇಕೆಂದು ಊರೂರು ಅಲೆದು, ಸಿಕ್ಕಸಿಕ್ಕವರಿಂದ ಎಣ್ಣೆ, ಪಟ್ಟು, ಕಟ್ಟುಗಳನ್ನು ಹಾಕಿಸುತ್ತಾರೆ. ಮತ್ತೆ ಕೆಲವರು ‘ಮಗು ದೊಡ್ಡದಾಗಲಿ, ಆಮೇಲೆ ನೋಡೋಣ’ ಎಂದು ಸುಮ್ಮನಾಗುತ್ತಾರೆ. ಎರಡರಿಂದಲೂ ಮಗುವಿಗೆ ನಷ್ಟವೇ. ವೈದ್ಯಶಾಸ್ತ್ರವು ಕಂಡುಕೊಂಡ ಸತ್ಯವೇನೆಂದರೆ, ಪ್ರತಿಯೊಂದು ಭಿನ್ನತೆಗೂ ಅದರದೇ ಆದ ಕಾಲವಿದೆ. ಕೆಲವಕ್ಕೆ ಹುಟ್ಟಿದ ವಾರದಲ್ಲೇ ಚಿಕಿತ್ಸೆ ಆರಂಭವಾಗಬೇಕು. ಕೆಲವಕ್ಕೆ ವರ್ಷಗಟ್ಟಲೆ ಕಾಯುವುದೇ ಚಿಕಿತ್ಸೆ. ಇನ್ನು ಕೆಲವಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ. ಬೇಕಾದದ್ದು ಸಹಾಯ ಮತ್ತು ಅವಕಾಶ ಮಾತ್ರ. ಯಾವುದು ಯಾವ ಬಗೆಯದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಾಯಿಯ ತಪ್ಪಲ್ಲ, ಗ್ರಹಣದ ದೋಷವಲ್ಲ

ಗರ್ಭದಲ್ಲಿ ಕೈಕಾಲುಗಳು ಮೊಳೆಯುವುದು ನಾಲ್ಕನೆಯ ವಾರದ ಸುಮಾರಿಗೆ. ಮೊದಲು ಕೈಯ ಮೊಗ್ಗು, ಅದರ ಹಿಂದೆಯೇ ಕಾಲಿನ ಮೊಗ್ಗು ಮೂಡುತ್ತದೆ. ಆರಂಭದಲ್ಲಿ ಅಂಗೈ ಒಂದು ಚಪ್ಪಟೆ ಹಲಗೆಯಂತಿರುತ್ತದೆ. ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿಯೇ ಕರಗಿ, ಎಂಟನೆಯ ವಾರದ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗುತ್ತವೆ. ಹೀಗೆ ಕರಗುವ ಕ್ರಿಯೆ ಅರ್ಧಕ್ಕೆ ನಿಂತರೆ ಬೆರಳುಗಳು ಕೂಡಿಕೊಂಡೇ ಉಳಿಯುತ್ತವೆ. ಅಂದರೆ ಬಹುಪಾಲು ಭಿನ್ನತೆಗಳು, ತಾನು ಗರ್ಭಿಣಿ ಎಂಬುದು ತಾಯಿಗೆ ಖಚಿತವಾಗಿ ತಿಳಿಯುವಷ್ಟರಲ್ಲಿಯೇ ಉಂಟಾಗಿಬಿಟ್ಟಿರುತ್ತವೆ.

ಗ್ರಹಣದ ದಿನ ಗರ್ಭಿಣಿ ತರಕಾರಿ ಹೆಚ್ಚಿದಳು, ಸೂಜಿ ಹಿಡಿದಳು, ಹೊರಗೆ ಬಂದಳು, ಅದಕ್ಕೇ ಮಗುವಿಗೆ ಹೀಗಾಯಿತು ಎಂಬ ಮಾತು ನಮ್ಮ ನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಐದನೆಯ ಅಥವಾ ಏಳನೆಯ ತಿಂಗಳಿನಲ್ಲಿ ಬಂದ ಗ್ರಹಣವು, ಎರಡನೆಯ ತಿಂಗಳಿನಲ್ಲಿಯೇ ರೂಪುಗೊಂಡು ಮುಗಿದ ಬೆರಳನ್ನು ಬದಲಿಸಲಾರದು. ಬಾಣಂತಿಯನ್ನು ದೂಷಿಸುವ ಮನೆಯಲ್ಲಿ ಮಗುವಿನ ಚಿಕಿತ್ಸೆಯೂ ಹಿಂದೆ ಬೀಳುತ್ತದೆ ಎಂಬುದನ್ನು ಹಿರಿಯರು ನೆನಪಿಡಬೇಕು. ಹಾಲೂಡಿಸುವವಳು, ಆಸ್ಪತ್ರೆಗೆ ಎತ್ತಿಕೊಂಡು ಹೋಗುವವಳು, ಪ್ರತಿರಾತ್ರಿ ಬೂಟು ತೊಡಿಸುವವಳು ಅವಳೇ.

ಹಾಗಾದರೆ ನಿಜವಾದ ಕಾರಣಗಳೇನು? ಅನೇಕ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ದೊರೆಯುವುದೇ ಇಲ್ಲ. ಕೆಲವರಲ್ಲಿ ಗರ್ಭಚೀಲದ ಒಳಪೊರೆಯ ಎಳೆಗಳು ಬೆರಳಿಗೋ ಕಾಲಿಗೋ ಸುತ್ತಿಕೊಂಡು ಬೆಳವಣಿಗೆಯನ್ನು ತಡೆದಿರುತ್ತವೆ. ಕೆಲವು ಭಿನ್ನತೆಗಳು ವಂಶವಾಹಿಗಳಿಂದ ಬರುತ್ತವೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಕೆಲವು ಆನುವಂಶಿಕ ತೊಂದರೆಗಳ ಸಾಧ್ಯತೆ ಹೆಚ್ಚು. ಗರ್ಭಧಾರಣೆಗೆ ಮುನ್ನವೇ ತಾಯಿಗಿರುವ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಒಂದು ಕಾರಣ.

ಔಷಧಗಳ ವಿಷಯದಲ್ಲಿ ಜಗತ್ತು ಕಲಿತ ಕಹಿ ಪಾಠವೊಂದಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂದಿತು. ಬಸುರಿಯರ ವಾಂತಿ, ವಾಕರಿಕೆಗೂ ಅದನ್ನು ಕೊಡಲಾಯಿತು. 1961ರಲ್ಲಿ ಅದನ್ನು ಅಲ್ಲಿ ಹಿಂದೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ತೀವ್ರ ಕೊರತೆಯೊಡನೆ ಜನಿಸಿದ್ದರು. ಅಮೆರಿಕದ ಔಷಧ ಇಲಾಖೆಯ ಅಧಿಕಾರಿ ಡಾ. ಫ್ರಾನ್ಸಿಸ್ ಕೆಲ್ಸಿ ಅವರು ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿ ತಡೆಹಿಡಿದದ್ದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಗರ್ಭದ ಆರಂಭದ ದಿನಗಳಲ್ಲಿ ವೈದ್ಯರ ಸಲಹೆಯಿಲ್ಲದೆ ಔಷಧದ ಅಂಗಡಿಯಿಂದಾಗಲಿ, ನಾಟಿ ಮೂಲದಿಂದಾಗಲಿ ಯಾವ ಮದ್ದನ್ನೂ ಸೇವಿಸಬಾರದೆಂಬ ಎಚ್ಚರಿಕೆಯ ಹಿಂದೆ ಈ ಇತಿಹಾಸವಿದೆ. ಹಾಗೆಯೇ, ಮೊದಲೇ ವೈದ್ಯರು ಬರೆದುಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಮೊದಲ ವಾರ: ಕೈಯನ್ನಷ್ಟೇ ಅಲ್ಲ, ಇಡೀ ಮಗುವನ್ನು ನೋಡುವುದು

ಹೆಬ್ಬೆರಳು ಇಲ್ಲವೆಂದು ಕರೆತಂದ ಮಗುವಿನ ಎದೆಗೆ ವೈದ್ಯರು ಎಕೋ ಪರೀಕ್ಷೆ ಬರೆದುಕೊಟ್ಟರೆ ತಂದೆತಾಯಿಗಳಿಗೆ ಆಶ್ಚರ್ಯವಾಗುತ್ತದೆ. ಅದು ಅನಗತ್ಯ ಖರ್ಚಲ್ಲ. ಕೈಗಳು ರೂಪುಗೊಳ್ಳುವ ವಾರಗಳಲ್ಲಿಯೇ ಹೃದಯ, ಮೂತ್ರಪಿಂಡ, ಬೆನ್ನೆಲುಬುಗಳೂ ರೂಪುಗೊಳ್ಳುತ್ತಿರುತ್ತವೆ. ಹೆಬ್ಬೆರಳು ಅಥವಾ ಮುಂಗೈಯಲ್ಲಿ ಹೆಬ್ಬೆರಳ ಬದಿಯ ಮೂಳೆ ಇಲ್ಲದ ಮಕ್ಕಳಲ್ಲಿ ಹೃದಯದ ರಂಧ್ರ, ಮೂತ್ರಪಿಂಡದ ತೊಂದರೆ ಅಥವಾ ರಕ್ತಕಣಗಳ ಕೊರತೆ ಜೊತೆಗೂಡಿರಬಹುದು. ಆದ್ದರಿಂದ ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನಿಂಗ್, ಬೆನ್ನೆಲುಬಿನ ಎಕ್ಸ್-ರೇ, ರಕ್ತಪರೀಕ್ಷೆಗಳನ್ನು ಮಾಡಿಸಲೇಬೇಕು. ಕೈಯ ಶಸ್ತ್ರಚಿಕಿತ್ಸೆ ಕಾಯಬಲ್ಲದು. ಹೃದಯದ ತಪಾಸಣೆ ಕಾಯಲಾರದು.

ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭ ಇನ್ನೊಂದಿದೆ. ಬೆರಳು ಅಥವಾ ಕಾಲಿನ ಸುತ್ತ ದಾರ ಬಿಗಿದಂತೆ ಆಳವಾದ ಗೆರೆಯಿದ್ದು, ಅದರ ಮುಂದಿನ ಭಾಗ ಊದಿಕೊಂಡು ನೀಲಿಗಟ್ಟುತ್ತಿದ್ದರೆ ಅಲ್ಲಿ ರಕ್ತಸಂಚಾರಕ್ಕೆ ತಡೆಯಾಗಿದೆ ಎಂದರ್ಥ. ಆ ಬಿಗಿತವನ್ನು ಶಸ್ತ್ರಚಿಕಿತ್ಸೆಯಿಂದ ತಡಮಾಡದೆ ಸಡಿಲಿಸಬೇಕು.

ಆರನೆಯ ಬೆರಳಿಗೆ ದಾರವನ್ನೋ ಕೂದಲನ್ನೋ ಬಿಗಿದು ಉದುರಿಸುವ ಪದ್ಧತಿ ಕೆಲವೆಡೆ ಇದೆ. ಆ ಬೆರಳಿನೊಳಗೆ ಮೂಳೆ, ರಕ್ತನಾಳ, ನರಗಳಿರಬಹುದು. ಮನೆಯಲ್ಲಿ ದಾರ ಕಟ್ಟುವುದರಿಂದ ರಕ್ತಸ್ರಾವವಾಗಬಹುದು, ಕೀವು ತುಂಬಬಹುದು, ನೋವಿನ ಗಂಟು ಉಳಿಯಬಹುದು. ಅದು ಅದೃಷ್ಟದ ಬೆರಳೆಂದು ಉಳಿಸಿಕೊಳ್ಳುವವರಿದ್ದರೆ, ಕೈಯ ಕೆಲಸಕ್ಕೆ ಅಡ್ಡಿಯಿಲ್ಲದಿದ್ದಲ್ಲಿ ಹಾಗೆಯೇ ಇರಲಿ. ತೆಗೆಸುವುದಾದರೆ ವೈದ್ಯರಿಂದಲೇ ತೆಗೆಸಬೇಕು.

ತ್ವರೆ ಬೇಕಾದದ್ದು: ಸೊಟ್ಟಪಾದ

ಹುಟ್ಟಿನಿಂದಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುವ ಸೊಟ್ಟಪಾದವು ಸಾವಿರ ಜನನಗಳಲ್ಲಿ ಒಂದೆರಡು ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ಇಮ್ಮಡಿ. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳು ಹೀಗಿರುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ, ಹುಣ್ಣಾಗುತ್ತದೆ, ಚಪ್ಪಲಿ ನಿಲ್ಲುವುದಿಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದೇ ಮಗು ಓಡುತ್ತದೆ, ಜಿಗಿಯುತ್ತದೆ, ಹೊಲದಲ್ಲಿ ದುಡಿಯುತ್ತದೆ. ನಡುವಿನ ಅಂತರ ಇಷ್ಟು ದೊಡ್ಡದಾದರೂ ಚಿಕಿತ್ಸೆಯ ಸಾಮಗ್ರಿ ಮಾತ್ರ ಬಹಳ ಸರಳ: ನುರಿತ ಕೈಗಳು ಮತ್ತು ಪ್ಲಾಸ್ಟರ್.

ಈ ವಿಧಾನವನ್ನು ರೂಪಿಸಿದವರು ಡಾ. ಇಗ್ನೇಷಿಯೊ ಪೊನ್ಸೆಟಿ. ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ 1914ರಲ್ಲಿ ಜನಿಸಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದ ಇವರು, ದೊಡ್ಡ ಶಸ್ತ್ರಚಿಕಿತ್ಸೆಗೊಳಗಾದ ಪಾದಗಳು ಮುಂದೆ ಬಿಗಿದು ನೋಯುವುದನ್ನು ಕಂಡು ಬೇರೆ ದಾರಿ ಹುಡುಕಿದರು. ಹಲವು ದಶಕಗಳ ಕಾಲ ಅವರ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂದು ಭಾರತವೂ ಸೇರಿದಂತೆ ಜಗತ್ತಿನಾದ್ಯಂತ ಇದೇ ಒಪ್ಪಿತ ಚಿಕಿತ್ಸೆ.

ಹುಟ್ಟಿದ ಒಂದೆರಡು ವಾರಗಳಲ್ಲಿಯೇ ಇದನ್ನು ಆರಂಭಿಸುವುದು ಉತ್ತಮ. ವೈದ್ಯರು ಪಾದವನ್ನು ನೋವಾಗದಂತೆ ಮೆಲ್ಲನೆ ಹೊರಮುಖವಾಗಿ ತಿದ್ದಿ, ಬೆರಳಿನ ಬುಡದಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ತೆಗೆದು, ಇನ್ನಷ್ಟು ತಿದ್ದಿ ಹೊಸದನ್ನು ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್‌ಗಳಲ್ಲಿ ಪಾದ ಬಹುಮಟ್ಟಿಗೆ ನೇರವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿರುವುದರಿಂದ, ಆ ಭಾಗವನ್ನಷ್ಟೇ ಮರಗಟ್ಟಿಸಿ ಅದನ್ನು ಸಣ್ಣ ಕೊಯ್ತದಿಂದ ಬಿಡಿಸುತ್ತಾರೆ. ಆಗ ಹಾಕಿದ ಕೊನೆಯ ಪ್ಲಾಸ್ಟರ್ ಮೂರು ವಾರ ಇರುತ್ತದೆ. ಅಷ್ಟರಲ್ಲಿ ಸ್ನಾಯುರಜ್ಜು ಸರಿಯಾದ ಉದ್ದಕ್ಕೆ ಮತ್ತೆ ಕೂಡಿಕೊಳ್ಳುತ್ತದೆ.

ಪ್ಲಾಸ್ಟರ್ ಇರುವಾಗ ಮನೆಯವರು ದಿನಕ್ಕೆ ಹಲವು ಬಾರಿ ಮಗುವಿನ ಕಾಲ್ಬೆರಳುಗಳನ್ನು ನೋಡಬೇಕು. ಬೆರಳನ್ನು ಒತ್ತಿ ಬಿಟ್ಟರೆ ಬಿಳುಪು ಹೋಗಿ ಕೂಡಲೇ ಕೆಂಪು ಮರಳಬೇಕು. ಬೆರಳುಗಳು ತಣ್ಣಗಾದರೆ, ಕಪ್ಪಾದರೆ, ಊದಿಕೊಂಡರೆ, ಅಥವಾ ಪ್ಲಾಸ್ಟರ್ ಕೆಳಕ್ಕೆ ಜಾರಿ ಬೆರಳುಗಳು ಒಳಗೆ ಅಡಗಿದರೆ ಮುಂದಿನ ವಾರಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟರ್ ನೆನೆಯಬಾರದು, ಆ ದಿನಗಳಲ್ಲಿ ಎರೆಯುವ ಬದಲು ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು.

ನಿಜವಾದ ಪರೀಕ್ಷೆ ಆರಂಭವಾಗುವುದು ಇದರ ನಂತರ. ನೇರವಾದ ಪಾದವನ್ನು ನೇರವಾಗಿಯೇ ಉಳಿಸಲು ಕಂಬಿ ಜೋಡಿಸಿದ ಬೂಟುಗಳನ್ನು ಮೊದಲ ಮೂರು ತಿಂಗಳು ದಿನದ 23 ಗಂಟೆ, ಆ ಬಳಿಕ ನಾಲ್ಕೈದು ವರ್ಷ ವಯಸ್ಸಿನವರೆಗೆ ರಾತ್ರಿ ಹಾಗೂ ಮಲಗುವ ವೇಳೆಯಲ್ಲಿ ತೊಡಿಸಬೇಕು. ಅನೇಕ ಕುಟುಂಬಗಳು ಸೋಲುವುದು ಇಲ್ಲಿಯೇ. ಪಾದ ನೋಡಲು ಚೆನ್ನಾಗಿದೆ, ಮಗು ನಡೆಯುತ್ತಿದೆ, ರಾತ್ರಿ ಬೂಟು ಹಾಕಿದರೆ ಅಳುತ್ತದೆ, ಸುಗ್ಗಿಯ ಕೆಲಸವಿದೆ, ಆಸ್ಪತ್ರೆ ದೂರ, ಬೂಟು ಚಿಕ್ಕದಾಗಿದೆ. ಹೀಗೆ ಒಂದೊಂದೇ ಕಾರಣಕ್ಕೆ ಬೂಟು ಮೂಲೆ ಸೇರುತ್ತದೆ. ಪಾದ ಮತ್ತೆ ಸೊಟ್ಟಗಾಗಲು ಅತಿ ದೊಡ್ಡ ಕಾರಣ ಹೀಗೆ ಬೂಟು ಬಿಡುವುದೇ ಆಗಿದೆ. ಮೊದಲ ಕೆಲವು ರಾತ್ರಿಗಳ ಅಳುವನ್ನು ಮನೆಯವರೆಲ್ಲ ಸೇರಿ ಸಹಿಸಿದರೆ, ಮಗು ಬೂಟನ್ನು ಮಲಗುವ ಅಭ್ಯಾಸದ ಒಂದು ಭಾಗವಾಗಿ ಒಪ್ಪಿಕೊಳ್ಳುತ್ತದೆ. ಅಜ್ಜ ಅಜ್ಜಿಯರು ‘ಪಾಪ, ಬಿಚ್ಚಿಬಿಡಮ್ಮ’ ಎನ್ನದೆ ತಾಯಿಗೆ ಧೈರ್ಯ ಹೇಳಿದರೆ ಅದೇ ದೊಡ್ಡ ಸಹಾಯ.

ನಡೆಯುವ ವಯಸ್ಸು ದಾಟಿದ ಮಗುವಿಗೂ ಬಾಗಿಲು ಮುಚ್ಚಿಲ್ಲ. ಪ್ಲಾಸ್ಟರ್‌ಗಳು ಹೆಚ್ಚು ಬೇಕಾಗಬಹುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಆದರೂ ತೋರಿಸುವುದು ಒಳ್ಳೆಯದು.

ವಯಸ್ಸಿಗಾಗಿ ಕಾಯಬೇಕಾದದ್ದು

ಕೂಡಿಕೊಂಡ ಬೆರಳುಗಳನ್ನು ಬಿಡಿಸುವುದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ನಡುವೆ. ಆದರೆ ಹೆಬ್ಬೆರಳು-ತೋರುಬೆರಳು ಅಥವಾ ಉಂಗುರಬೆರಳು-ಕಿರುಬೆರಳು ಕೂಡಿಕೊಂಡಿದ್ದರೆ, ಉದ್ದದಲ್ಲಿ ಅಸಮಾನವಾದ ಇವು ಬೆಳೆಯುತ್ತ ಒಂದನ್ನೊಂದು ಎಳೆದು ಬಾಗಿಸುವುದರಿಂದ ಶಸ್ತ್ರಚಿಕಿತ್ಸೆ ಬೇಗನೆ ಆಗಬೇಕು. ಹೆಬ್ಬೆರಳೇ ಇಲ್ಲದ ಮಗುವಿಗೆ ತೋರುಬೆರಳನ್ನು ಅದರ ನರ, ರಕ್ತನಾಳಗಳ ಸಮೇತ ಸರಿಸಿ ಹೆಬ್ಬೆರಳಾಗಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಹಿಡಿಯುವ ಅಭ್ಯಾಸ ಗಟ್ಟಿಯಾಗುವ ಮುನ್ನ, ಒಂದೆರಡು ವರ್ಷದೊಳಗೆ ಇದನ್ನು ಮಾಡಿದರೆ ಮಗುವಿನ ಮಿದುಳು ಹೊಸ ಹೆಬ್ಬೆರಳನ್ನು ಸಹಜವಾಗಿ ಬಳಸಲು ಕಲಿಯುತ್ತದೆ. ಅಲ್ಲಿಯವರೆಗೆ ಬಿಗಿದ ಮಣಿಕಟ್ಟನ್ನು ಮೆಲ್ಲನೆ ಹಿಗ್ಗಿಸುವ ವ್ಯಾಯಾಮ ಮತ್ತು ಪಟ್ಟಿಗಳು ಶೈಶವದಿಂದಲೇ ನಡೆಯಬೇಕು.

ಕಾಲಿನ ಉದ್ದದ ವ್ಯತ್ಯಾಸ ಮಗು ಬೆಳೆದಂತೆ ಬದಲಾಗುತ್ತ ಹೋಗುತ್ತದೆ. ಕಡಿಮೆ ಇದ್ದರೆ ಪಾದರಕ್ಷೆಯ ಅಟ್ಟೆಯನ್ನು ಎತ್ತರಿಸಿದರೆ ಸಾಕು. ಹೆಚ್ಚಿದ್ದರೆ, ಸೈಬೀರಿಯಾದ ಕುರ್ಗಾನ್ ನಗರದ ಡಾ. ಇಲಿಜರೋವ್ ರೂಪಿಸಿದ ವಿಧಾನದಂತೆ ಮೂಳೆಯನ್ನು ಕತ್ತರಿಸಿ, ಹೊರಗಿನ ಚೌಕಟ್ಟಿನಿಂದ ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತ ನಡುವೆ ಹೊಸ ಮೂಳೆ ಬೆಳೆಯುವಂತೆ ಮಾಡುತ್ತಾರೆ. ಇದು ತಿಂಗಳುಗಟ್ಟಲೆ ಶಿಸ್ತನ್ನು ಬೇಡುವ ಚಿಕಿತ್ಸೆ.

ಅತ್ಯಂತ ಕಠಿಣ ನಿರ್ಧಾರ ಎದುರಾಗುವುದು, ಕಾಲಿನ ಮೂಳೆಯೇ ಬಹುಭಾಗ ಇಲ್ಲದೆ ಪಾದವೂ ಭಾರ ಹೊರಲಾರದ ಸ್ಥಿತಿಯಲ್ಲಿದ್ದಾಗ. ಅಂಥ ಕೆಲವು ಮಕ್ಕಳಿಗೆ ಆ ಪಾದವನ್ನು ಎಳೆಯ ವಯಸ್ಸಿನಲ್ಲಿಯೇ ತೆಗೆದು ಕೃತಕ ಕಾಲು ಜೋಡಿಸುವುದು, ಬಾಲ್ಯವಿಡೀ ಹತ್ತಾರು ಶಸ್ತ್ರಚಿಕಿತ್ಸೆಗಳಲ್ಲಿ ಕಳೆಯುವುದಕ್ಕಿಂತ ಒಳಿತೆಂದು ವೈದ್ಯರು ಸೂಚಿಸಬಹುದು. ಯಾವ ತಂದೆತಾಯಿಗೂ ಈ ಮಾತು ನುಂಗಲಾರದ ತುತ್ತು. ಅವಸರಪಡದೆ ಇನ್ನೊಬ್ಬ ಮಕ್ಕಳ ಅಸ್ಥಿತಜ್ಞರ ಅಭಿಪ್ರಾಯ ಪಡೆಯಬೇಕು. ಅದೇ ಚಿಕಿತ್ಸೆ ಪಡೆದು ಓಡಾಡುತ್ತಿರುವ ಮಗುವನ್ನೂ ಅದರ ಪೋಷಕರನ್ನೂ ಭೇಟಿ ಮಾಡಿಸುವಂತೆ ಆಸ್ಪತ್ರೆಯನ್ನು ಕೇಳಬೇಕು. ಅನಂತರದ ತೀರ್ಮಾನ ಯಾವುದೇ ಆದರೂ ಅದು ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ.

ಕೃತಕ ಕೈಕಾಲು: ಸಾಧನ, ಗುರಿಯಲ್ಲ

ಕೃತಕ ಕಾಲನ್ನು ಮಗು ಎದ್ದು ನಿಲ್ಲಲು ಹವಣಿಸುವ ಒಂಬತ್ತರಿಂದ ಹನ್ನೆರಡು ತಿಂಗಳ ಸುಮಾರಿಗೆ ಜೋಡಿಸುತ್ತಾರೆ. ಕೃತಕ ಕೈಯನ್ನು ಕೊಡುವುದಾದರೆ, ಮಗು ತಾನಾಗಿ ಕುಳಿತುಕೊಳ್ಳುವ ಆರು ತಿಂಗಳ ಸುಮಾರಿಗೆ ಹಗುರವಾದ ಸರಳ ಕೈಯಿಂದ ಆರಂಭಿಸುತ್ತಾರೆ. ಮಕ್ಕಳು ಬೆಳೆಯುವುದರಿಂದ ಎಳೆಯ ವಯಸ್ಸಿನಲ್ಲಿ ಸುಮಾರು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ. ಒಮ್ಮೆ ಕೊಟ್ಟರೆ ಮುಗಿಯಿತೆಂದು ಭಾವಿಸಬಾರದು. ದಾನ ನೀಡುವವರೂ ಇದನ್ನು ಗಮನಿಸಬೇಕು.

ನಮ್ಮ ಜೀವನಕ್ರಮಕ್ಕೆ ಒಗ್ಗುವ ಕೃತಕ ಪಾದ ನಮ್ಮ ದೇಶದಲ್ಲಿಯೇ ರೂಪುಗೊಂಡಿತು. 1968ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಅಸ್ಥಿತಜ್ಞ ಡಾ. ಪಿ. ಕೆ. ಸೇಠಿ ಅವರು ರಬ್ಬರಿನಿಂದ ರೂಪಿಸಿದ ‘ಜೈಪುರ ಪಾದ’ವನ್ನು ಧರಿಸಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರು ಗದ್ದೆಗೆ ಇಳಿಯಬಹುದು. ಪ್ರತಿರಾತ್ರಿ ಕಾಲನ್ನು ಬಿಚ್ಚಿ, ಚರ್ಮವನ್ನು ಸೋಪಿನಿಂದ ತೊಳೆದು ಒಣಗಿಸಬೇಕು. ಹತ್ತಿಪ್ಪತ್ತು ನಿಮಿಷವಾದರೂ ಮಾಸದ ಕೆಂಪು ಗುರುತಿದ್ದರೆ ಅಳತೆ ಸರಿಪಡಿಸಿಕೊಳ್ಳಬೇಕು.

ಕೈಯ ಕಥೆ ಸ್ವಲ್ಪ ಬೇರೆ. ಒಂದು ಮುಂಗೈ ಇಲ್ಲದೆ ಹುಟ್ಟಿದ ಅನೇಕ ಮಕ್ಕಳು ಕೃತಕ ಕೈಯನ್ನು ಬದಿಗಿಟ್ಟು, ಮೊಣಕೈಯ ತುದಿ, ಗಲ್ಲ, ಮೊಣಕಾಲುಗಳ ನೆರವಿನಿಂದ ಗುಂಡಿ ಹಾಕಿಕೊಳ್ಳುತ್ತಾರೆ, ಜಡೆ ಹೆಣೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಚರ್ಮದ ಸ್ಪರ್ಶಜ್ಞಾನ ಕೃತಕ ಕೈಗಿಲ್ಲ. ಆದ್ದರಿಂದ ಮಗು ಅದನ್ನು ಬೇಡವೆಂದರೆ ಅದು ಸೋಲಲ್ಲ. ಜಮ್ಮು ಮತ್ತು ಕಾಶ್ಮೀರದ ಕಿಶ್ತ್‌ವಾಡದ ಶೀತಲ್ ದೇವಿ ಎರಡೂ ತೋಳುಗಳಿಲ್ಲದೆ ಜನಿಸಿದವರು. ಕಾಲಿನಲ್ಲಿ ಬಿಲ್ಲು ಹಿಡಿದು ಬಾಣ ಬಿಡುವ ಅವರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆಗೂಡಿ ಕಂಚಿನ ಪದಕ ಗೆದ್ದರು. ನಮ್ಮದೇ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು ಎಡಗಾಲಿನ ನ್ಯೂನತೆಯೊಡನೆ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದವರು. ಎಲ್ಲ ಮಕ್ಕಳೂ ಪದಕ ಗೆಲ್ಲಬೇಕಿಲ್ಲ. ತನ್ನ ಊಟ, ಉಡುಗೆ, ಓದನ್ನು ತಾನೇ ನಿಭಾಯಿಸುವ ಮಗುವೂ ಅಷ್ಟೇ ದೊಡ್ಡ ಗೆಲುವನ್ನು ಸಾಧಿಸಿರುತ್ತದೆ.

ಮನೆ, ಶಾಲೆ, ಪಂಕ್ತಿ

ತೊಟ್ಟಿಲ ಕಾರ್ಯಕ್ಕೆ ಬಂದವರ ಮುಂದೆ ಮಗುವಿನ ಕೈಯನ್ನು ಬಟ್ಟೆಯಿಂದ ಮುಚ್ಚುವುದು, ಮುಂದೆ ಜಾತ್ರೆ, ಮದುವೆಗಳಿಗೆ ಕರೆದೊಯ್ಯದೆ ಇರುವುದು, ಇವೆಲ್ಲ ‘ನಿನ್ನಲ್ಲಿ ನಾಚಿಕೆಪಡುವಂಥದ್ದೇನೋ ಇದೆ’ ಎಂಬ ಪಾಠವನ್ನು ಮಗುವಿಗೆ ಮಾತಿಲ್ಲದೆಯೇ ಕಲಿಸುತ್ತವೆ. ಯಾರಾದರೂ ಕೇಳಿದರೆ ‘ಹುಟ್ಟುವಾಗಲೇ ಹೀಗಿದೆ, ನೋವೇನಿಲ್ಲ’ ಎಂಬ ಸರಳ ಉತ್ತರವನ್ನು ಮಗುವಿಗೇ ಹೇಳಿಕೊಡಬೇಕು.

ಬಲಗೈ ಇಲ್ಲದ ಮಗು ಎಡಗೈಯಿಂದಲೇ ಬರೆಯುತ್ತದೆ, ಎಡಗೈಯಿಂದಲೇ ಉಣ್ಣುತ್ತದೆ. ದಾಸೋಹದ ಪಂಕ್ತಿಯಲ್ಲಿ ಎಡಗೈ ಚಾಚಿ ಪ್ರಸಾದ ಸ್ವೀಕರಿಸುವ ಮಗುವನ್ನು ಗದರಬಾರದು, ದಿಟ್ಟಿಸಲೂಬಾರದು. ಅದಕ್ಕಿರುವ ಶುದ್ಧ ಹಸ್ತ ಅದೇ. ಕೈಕಾಲಿನ ಕೊರತೆಯನ್ನೇ ಹೆಸರಾಗಿಸಿ ಕೂಗುವ ರೂಢಿಯನ್ನು ಊರಿನ ಹಿರಿಯರು ಕೈಬಿಟ್ಟರೆ ಕಿರಿಯರೂ ಬಿಡುತ್ತಾರೆ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಹೆರಿಗೆ ಆಸ್ಪತ್ರೆ, ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತದೆ. ಸೊಟ್ಟಪಾದವು ಆ ಪಟ್ಟಿಯಲ್ಲಿದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಅಸ್ಥಿಚಿಕಿತ್ಸಾ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಸರ್ಕಾರದ ಆಶ್ರಯದಲ್ಲಿರುವ ಉನ್ನತ ಆಸ್ಪತ್ರೆಗಳು. ಸಾಧನ ಸಲಕರಣೆ ಮತ್ತು ಪುನರ್ವಸತಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ, ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಸಂಸ್ಥೆಗಳಿವೆ. ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ವಿಶಿಷ್ಟ ಗುರುತಿನ ಚೀಟಿ, ಮಾಸಾಶನ, ಸಾಧನಗಳ ಅರ್ಜಿಗಳಿಗೆ ನೆರವಾಗುತ್ತಾರೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.

ಆಸ್ಪತ್ರೆಗೆ ಹೋಗುವಾಗ ಒಂದು ಕಡತದಲ್ಲಿ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಹಿಂದಿನ ಎಕ್ಸ್-ರೇ, ಮಗುವಿನ ಕೈಕಾಲಿನ ಹಳೆಯ ಛಾಯಾಚಿತ್ರಗಳನ್ನು ಜೋಡಿಸಿಟ್ಟುಕೊಳ್ಳಿರಿ. ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ: ಈಗಲೇ ಆಗಬೇಕಾದದ್ದೇನು? ಕಾಯಬಹುದಾದದ್ದೇನು, ಎಷ್ಟು ದಿನ? ಅಲ್ಲಿಯವರೆಗೆ ಮನೆಯಲ್ಲಿ ನಾವು ಮಾಡಬೇಕಾದದ್ದೇನು?

ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮನೆಯಲ್ಲಿ ಗಾಬರಿ ತಗ್ಗುತ್ತದೆ, ಕೆಲಸ ಆರಂಭವಾಗುತ್ತದೆ. ತಮ್ಮ ಬಂಧುಬಳಗದಲ್ಲಿ, ಓಣಿಯಲ್ಲಿ ಇಂಥ ಕೂಸು ಜನಿಸಿದ್ದರೆ ಭಕ್ತಬಂಧುಗಳು ಅನುಕಂಪದ ಮಾತಿಗೆ ಮುನ್ನ ಆಸ್ಪತ್ರೆಯ ದಾರಿಯನ್ನು ತೋರಿಸಲಿ. ಸಾಧ್ಯವಾದರೆ ಮೊದಲ ದಿನ ಜೊತೆಯಲ್ಲಿ ಹೋಗಿಬರಲಿ.